ಪದಕಕ್ಕಿಂತ ದೊಡ್ಡ ಗೌರವ

ಯುದ್ಧದಲ್ಲಿ ಹೋರಾಡಿದವರನ್ನು ಗೌರವಿಸುವುದು ಸರ್ಕಾರಗಳಿಗೆ ಕಷ್ಟದ ಕೆಲಸವಲ್ಲ. ಪದಕ, ಸ್ಮಾರಕ, ವರ್ಷಕ್ಕೊಮ್ಮೆ ಪುಷ್ಪಾರ್ಚನೆ, ಇವುಗಳಿಗೆ ತಗಲುವ ವೆಚ್ಚ ಅಲ್ಪ. ಆದರೆ ಅದೇ ಯೋಧರ ಜನಕ್ಕೆ ತಾನು ಅನ್ಯಾಯವೆಸಗಿದ್ದೇನೆಂದು ಪ್ರಭುತ್ವವೊಂದು ಒಪ್ಪಿಕೊಂಡು, ಅದಕ್ಕೆ ಬೆಲೆ ತೆರುವುದು ಬಹು ವಿರಳ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಕಾದಾಡಿದ ಜಪಾನಿ ಮೂಲದ ಸೈನಿಕರ ವಿಷಯದಲ್ಲಿ ಈ ವಿರಳ ಸಂಗತಿ ಘಟಿಸಿತು. ಅದಕ್ಕೆ ಬಹುಮಟ್ಟಿಗೆ ಕಾರಣರಾದವರು ಅವರಲ್ಲೇ ಒಬ್ಬರಾಗಿದ್ದ ಸೆನೆಟರ್ ಸ್ಪಾರ್ಕ್ ಮಾತ್ಸುನಾಗ.

ಮಸಾಯುಕಿ ಮಾತ್ಸುನಾಗ ಹುಟ್ಟಿದ್ದು 1916ರ ಅಕ್ಟೋಬರ್ 8ರಂದು, ಹವಾಯಿಯ ಕವಾಯಿ ದ್ವೀಪದಲ್ಲಿ, ಜಪಾನಿನಿಂದ ವಲಸೆ ಬಂದ ಬಡ ಕುಟುಂಬದಲ್ಲಿ. ‘ಸ್ಪಾರ್ಕ್’ ಎಂಬುದು ಬಾಲ್ಯದ ಅಡ್ಡಹೆಸರು. ಕೊನೆಯವರೆಗೂ ಅದೇ ಉಳಿಯಿತು. 1941ರಲ್ಲಿ ಹವಾಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಅದೇ ವರ್ಷ ಸೇನೆಗೆ ಸೇರಿದರು. ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದವು. ಅಂದಿನಿಂದ ಸಮವಸ್ತ್ರದಲ್ಲಿದ್ದ ಜಪಾನಿ ಮೂಲದವರನ್ನೂ ಸಂಶಯದಿಂದ ನೋಡಲಾಯಿತು. 1942ರ ಜೂನ್‌ನಲ್ಲಿ ಅಂತಹ ಸುಮಾರು 1,400 ಮಂದಿಯನ್ನು ಹಡಗು ಹತ್ತಿಸಿ, ದೂರದ ವಿಸ್ಕಾನ್ಸಿನ್ ರಾಜ್ಯದ ತರಬೇತಿ ಶಿಬಿರಕ್ಕೆ ಸಾಗಿಸಲಾಯಿತು. 100ನೇ ಪದಾತಿ ಬೆಟಾಲಿಯನ್ ರೂಪುಗೊಂಡದ್ದು ಹೀಗೆ.

ಇದಕ್ಕೂ ಮೊದಲೇ, 1942ರ ಫೆಬ್ರುವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಫಲವಾಗಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಲಾಗಿತ್ತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಯುದ್ಧರಂಗಕ್ಕೆ ಹೆಚ್ಚು ಸಮೀಪವಿದ್ದ ಹವಾಯಿಯಲ್ಲಿ ಇಂತಹ ಸಾಮೂಹಿಕ ಬಂಧನ ನಡೆಯಲಿಲ್ಲ. ಅಲ್ಲಿನ ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅವರೇ ಇದ್ದರು; ಅವರನ್ನು ತೆಗೆದರೆ ದ್ವೀಪಗಳ ದುಡಿಮೆಯೇ ನಿಂತುಹೋಗುತ್ತಿತ್ತು. ಅರ್ಥಶಾಸ್ತ್ರ ಓದಿದ ನನಗೆ ಈ ಒಂದು ಸಂಗತಿಯೇ ಸಾಕೆನಿಸುತ್ತದೆ. ರಕ್ಷಣೆಯ ಅನಿವಾರ್ಯತೆ ನಿಜವಾಗಿದ್ದರೆ ಬಂಧನ ಹವಾಯಿಯಿಂದಲೇ ಆರಂಭವಾಗಬೇಕಿತ್ತು.

100ನೇ ಬೆಟಾಲಿಯನ್ 1943ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಸಲೆರ್ನೊದಲ್ಲಿ ಇಳಿಯಿತು. ಮಾತ್ಸುನಾಗ ಅಲ್ಲಿನ ಕದನಗಳಲ್ಲಿ ಎರಡು ಬಾರಿ ಗಾಯಗೊಂಡರು, ಶೌರ್ಯಪದಕವೂ ಬಂತು. ಸಾವುನೋವುಗಳ ಪ್ರಮಾಣದಿಂದಾಗಿ ಆ ದಳಕ್ಕೆ ‘ಪರ್ಪಲ್ ಹಾರ್ಟ್ ಬೆಟಾಲಿಯನ್’ ಎಂಬ ಹೆಸರೇ ಬಿತ್ತು. ಪರ್ಪಲ್ ಹಾರ್ಟ್ ಎಂದರೆ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕ. 1943ರಲ್ಲಿ ರಚಿತವಾದ 442ನೇ ರೆಜಿಮೆಂಟ್‌ಗೆ ಬಂಧನ ಶಿಬಿರಗಳೊಳಗಿಂದಲೂ ಯುವಕರು ಸ್ವಇಚ್ಛೆಯಿಂದ ಸೇರಿದರು. 1944ರ ಅಕ್ಟೋಬರ್‌ನಲ್ಲಿ ಈ ರೆಜಿಮೆಂಟ್ ಫ್ರಾನ್ಸಿನ ಕಾಡಿನಲ್ಲಿ ಶತ್ರುಗಳ ನಡುವೆ ಸಿಲುಕಿದ್ದ ಇನ್ನೂರಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಬಿಡಿಸಿ ತಂದಿತು. ಬಿಡಿಸಿದವರ ಸಂಖ್ಯೆಗಿಂತ ಬಿಡಿಸಲು ಹೋಗಿ ಸತ್ತವರ, ಗಾಯಗೊಂಡವರ ಸಂಖ್ಯೆಯೇ ದೊಡ್ಡದು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಈ ಸೈನಿಕರಿಂದ ಗೌರವವಂದನೆ ಸ್ವೀಕರಿಸಿದರು. ಶಿಬಿರಗಳ ಅನ್ಯಾಯದ ಬಗ್ಗೆ ಮಾತ್ರ ಪ್ರಭುತ್ವ ಕ್ಷಮೆ ಕೇಳಲಿಲ್ಲ.

ಮಾತ್ಸುನಾಗ ಹಾರ್ವರ್ಡ್‌ನಲ್ಲಿ ಕಾನೂನು ಓದಿ ರಾಜಕೀಯಕ್ಕೆ ಬಂದರು. 1963ರಿಂದ ಪ್ರತಿನಿಧಿ ಸಭೆಯ, 1977ರಿಂದ ಸೆನೆಟ್‌ನ ಸದಸ್ಯರಾಗಿದ್ದರು. 1980ರಲ್ಲಿ ನೇಮಕವಾದ ಆಯೋಗವೊಂದು, ಬಂಧನಕ್ಕೆ ಸೈನಿಕ ಅಗತ್ಯ ಇರಲಿಲ್ಲವೆಂದೂ ಜನಾಂಗದ್ವೇಷ, ಯುದ್ಧೋನ್ಮಾದ ಮತ್ತು ನಾಯಕತ್ವದ ವೈಫಲ್ಯಗಳೇ ಅದರ ಮೂಲವೆಂದೂ ಸಾರಿತು. ಪರಿಹಾರ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ ನೀಡಿದ ಸಂಖ್ಯೆ 442. ರೆಜಿಮೆಂಟ್‌ನ ನೆನಪಿಗಾಗಿಯೇ ಅದನ್ನು ಆರಿಸಿದ್ದರು. ಸೆನೆಟ್‌ನಲ್ಲಿ ಮಾತ್ಸುನಾಗ ಸಹಸದಸ್ಯರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗಿ ಒಲಿಸಿದರು. 1988ರ ಏಪ್ರಿಲ್‌ನಲ್ಲಿ ಚರ್ಚೆಯ ವೇಳೆ, ಮೊಮ್ಮಗನ ಚೆಂಡು ತರಲೆಂದು ಶಿಬಿರದ ಬೇಲಿಯತ್ತ ಹೋಗಿ ಗುಂಡಿಗೆ ಬಲಿಯಾದ ವೃದ್ಧನ ಕಥೆ ಹೇಳುತ್ತಾ ಅವರ ಗಂಟಲು ಕಟ್ಟಿತು. 69 ಮತಗಳು ಪರ, 27 ವಿರೋಧ. ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಬಂಧಿತರಾಗಿದ್ದವರ ಪೈಕಿ ಅಂದು ಬದುಕಿದ್ದ ಪ್ರತಿಯೊಬ್ಬರಿಗೂ ರಾಷ್ಟ್ರದ ಕ್ಷಮಾಯಾಚನೆ, ಜತೆಗೆ 20,000 ಡಾಲರ್.

ಕಾಯ್ದೆಯಾದ ಮಾತ್ರಕ್ಕೆ ಹಣ ಬಿಡುಗಡೆಯಾಗುವುದಿಲ್ಲ ಎಂಬುದು ನನ್ನಂತೆ ಕಡತಗಳ ನಡುವೆ ಬದುಕು ಸವೆಸಿದವರಿಗೆ ಗೊತ್ತು. ಘೋಷಣೆ ಒಂದು, ಅನುದಾನ ಇನ್ನೊಂದು. ಅಲ್ಲಿಯೂ ಹಾಗೆಯೇ ಆಯಿತು. ಬಜೆಟ್ ಕೊರತೆಯ ನೆಪದಲ್ಲಿ ಪಾವತಿ ತಡವಾಗುತ್ತಾ, ಮುಪ್ಪಿನ ಫಲಾನುಭವಿಗಳು ಒಬ್ಬೊಬ್ಬರಾಗಿ ಕಣ್ಮುಚ್ಚತೊಡಗಿದರು. ಇಟಲಿಯ ರಣರಂಗದಲ್ಲಿ ಬಲಗೈ ಕಳೆದುಕೊಂಡಿದ್ದ ಹವಾಯಿಯ ಇನ್ನೊಬ್ಬ ಸೆನೆಟರ್ ಡೇನಿಯಲ್ ಇನೊಯೆ 1989ರಲ್ಲಿ ಇದನ್ನು ತಪ್ಪಿಸಲಾಗದ ಕಡ್ಡಾಯ ವೆಚ್ಚವನ್ನಾಗಿ ಮಾಡಿಸಿದ ಮೇಲೆಯೇ ದಾರಿ ತೆರೆದದ್ದು. 1990ರ ಅಕ್ಟೋಬರ್ 9ರಂದು ಮೊದಲ ಚೆಕ್ಕುಗಳನ್ನು ಅತಿ ಹಿರಿಯರಿಗೆ ವಿತರಿಸಲಾಯಿತು. ಅಂತಿಮವಾಗಿ 82,000ಕ್ಕೂ ಹೆಚ್ಚು ಮಂದಿಗೆ ಹಣ ತಲುಪಿತು. ಅದನ್ನು ನೋಡಲು ಮಾತ್ಸುನಾಗ ಇರಲಿಲ್ಲ. ಏಪ್ರಿಲ್ 15ರಂದೇ ಅವರು ತೀರಿಕೊಂಡಿದ್ದರು.

ಕೆಲವೇ ದಿನಗಳಲ್ಲಿ ಮಾರಿ ಹೊರಡಬೇಕಾದ ಹೊಲ, ಅಂಗಡಿಗಳಿಗೆ 20,000 ಡಾಲರ್ ಸರಿಯಾದ ಬೆಲೆಯಲ್ಲ. ಆದರೆ ಹಣವಿಲ್ಲದ ಕ್ಷಮಾಪಣೆ ಬರಿಯ ಕಾಗದ. ಕ್ಷಮಾಪಣೆಯಿಲ್ಲದ ಹಣ ಬರಿಯ ದಾನ. ಎರಡನ್ನೂ ಒಂದೇ ಕಾಯ್ದೆಯಲ್ಲಿ ಕೂಡಿಸಿದ್ದೇ ಅದರ ಹಿರಿಮೆ. ಹವಾಯಿಯವರಾದ ಮಾತ್ಸುನಾಗ ಇದರಲ್ಲಿ ತಮಗಾಗಿ ಏನನ್ನೂ ಬೇಡಲಿಲ್ಲವೆಂಬುದನ್ನೂ ನೆನೆಯಬೇಕು. 2000ದಲ್ಲಿ ಈ ಸೈನಿಕರ ಪೈಕಿ 20 ಮಂದಿಗೆ ಅತ್ಯುನ್ನತ ಶೌರ್ಯಪದಕ ಸಂದಿತು. 2011ರಲ್ಲಿ ಇಡೀ ದಳಗಳಿಗೆ ಕಾಂಗ್ರೆಸ್ಸಿನ ಚಿನ್ನದ ಪದಕ ಪ್ರದಾನವಾಯಿತು. ಅನ್ಯಾಯವನ್ನು ಒಪ್ಪಿಕೊಂಡ ಬಳಿಕ ಬಂದುದರಿಂದಲೇ ಆ ಪದಕಗಳಿಗೆ ತೂಕವಿದೆ. ಪ್ರಜೆಯ ನಿಷ್ಠೆಯನ್ನು ರಣರಂಗದಲ್ಲಿ ಅಳೆಯುವ ಪ್ರಭುತ್ವ, ತನ್ನ ನಿಷ್ಠೆಯನ್ನು ಕಾಯ್ದೆಯಲ್ಲಿಯೂ ಖಜಾನೆಯಲ್ಲಿಯೂ ತೋರಿಸಬೇಕಾಗುತ್ತದೆ.