ಪರೀಕ್ಷೆ ತಪ್ಪಿಸಲು ಹೊರಟು ಕಡತ ಕುಗ್ಗಿಸಿದ ಹಫ್‌ಮನ್

ಅಂತರಜಾಲದ ಪುಟವೊಂದನ್ನು ತೆರೆದಾಗ ಸರ್ವರ್ ಅದನ್ನು ಸಾಮಾನ್ಯವಾಗಿ ಕುಗ್ಗಿಸಿ ಕಳುಹಿಸುತ್ತದೆ. ಓದುಗರ ಗಣಕಯಂತ್ರ ಅದನ್ನು ಮತ್ತೆ ಬಿಡಿಸಿಕೊಳ್ಳುತ್ತದೆ. ಹೆಚ್ಚು ಕುಗ್ಗಿಸಿದರೆ ಸಾಗಣೆ ಹಗುರ, ಆದರೆ ಪ್ರೊಸೆಸರ್‌ಗೆ ಹೊರೆ. ಈ ತಕ್ಕಡಿಯನ್ನು ತೂಗಿಸಲು ನೆರವಾದ ವಿಧಾನವೊಂದರ ಜನಕ ಅಮೆರಿಕದ ಡೇವಿಡ್ ಹಫ್‌ಮನ್.

1925ರ ಆಗಸ್ಟ್ 9ರಂದು ಓಹಿಯೋ ರಾಜ್ಯದಲ್ಲಿ ಜನಿಸಿದ ಹಫ್‌ಮನ್, 18ರ ಹರೆಯದಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ಬಳಿಕ ಸ್ನಾತಕೋತ್ತರ ಪದವಿ ಮುಗಿಸಿ, ಸಂಶೋಧನೆಗಾಗಿ ಎಂಐಟಿ ಸೇರಿದರು.

1951ರಲ್ಲಿ ಅಲ್ಲಿನ ಪ್ರಾಧ್ಯಾಪಕ ರಾಬರ್ಟ್ ಫ್ಯಾನೊ ವಿದ್ಯಾರ್ಥಿಗಳ ಮುಂದೆ ಎರಡು ದಾರಿ ಇಟ್ಟರು: ಅಂತಿಮ ಪರೀಕ್ಷೆ ಅಥವಾ ಪ್ರಬಂಧ. ಹಫ್‌ಮನ್ ಪ್ರಬಂಧವನ್ನೇ ಆರಿಸಿಕೊಂಡರು. ಮಾಹಿತಿಯನ್ನು ಅತಿ ಕಡಿಮೆ ಬಿಟ್‌ಗಳಲ್ಲಿ ಬರೆಯುವ ಸಂಕೇತವನ್ನು ಕಂಡುಹಿಡಿಯುವುದೇ ಅದರ ವಿಷಯ. ಸ್ವತಃ ಫ್ಯಾನೊ ಅವರಿಗೂ ಅದು ಪೂರ್ತಿಯಾಗಿ ಬಗೆಹರಿದಿರಲಿಲ್ಲ ಎಂಬುದು ಶಿಷ್ಯನಿಗೆ ತಿಳಿದಿರಲಿಲ್ಲ. ತಿಂಗಳುಗಟ್ಟಲೆ ಹೆಣಗಿ ಸೋತ ಹಫ್‌ಮನ್, ಟಿಪ್ಪಣಿಗಳನ್ನು ಕಸದ ಬುಟ್ಟಿಗೆ ಎಸೆದು ಪರೀಕ್ಷೆಗೆ ಓದಲು ಅಣಿಯಾದಾಗ ಪರಿಹಾರ ಹೊಳೆಯಿತು.

ಅತಿ ವಿರಳವಾಗಿ ಬರುವ ಎರಡು ಚಿಹ್ನೆಗಳನ್ನು ಸೇರಿಸಿ ಒಂದೆಂದು ಎಣಿಸುವುದು, ಎಲ್ಲವೂ ಒಂದಾಗುವ ತನಕ ಇದನ್ನೇ ಮುಂದುವರಿಸುವುದು. ಇದರಿಂದ ಪದೇ ಪದೇ ಬರುವ ಚಿಹ್ನೆಗೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದನೆಯ ಸಂಕೇತ ದೊರೆಯುತ್ತದೆ. 1952ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ.

ಸರ್ವರ್‌ಗಳು ಬಳಸುವ ಜಿಜಿಪ್ ತಂತ್ರಾಂಶದಲ್ಲಿ ಈ ಸಂಕೇತವೇ ಕೊನೆಯ ಹಂತ. ಅದರಲ್ಲಿ 1ರಿಂದ 9ರವರೆಗೆ ಮಟ್ಟಗಳಿವೆ. ಮಟ್ಟ ಏರಿದಂತೆ ಪುನರಾವರ್ತಿತ ಪದಗಳ ಹುಡುಕಾಟ ಹೆಚ್ಚಿ ಪ್ರೊಸೆಸರ್ ದಣಿಯುತ್ತದೆ. ಹಫ್‌ಮನ್ ಸಂಕೇತದ ಹಂತ ಮಾತ್ರ ಅಗ್ಗದಲ್ಲೇ ಮುಗಿಯುತ್ತದೆ. ಮೇಲಿನ ಮಟ್ಟಗಳಲ್ಲಿ ಸಿಗುವ ಹೆಚ್ಚುವರಿ ಉಳಿತಾಯ ಸಾಮಾನ್ಯವಾಗಿ ಅಲ್ಪ. ಆದ್ದರಿಂದಲೇ ಪ್ರತಿ ಬೇಡಿಕೆಗೂ ಹೊಸದಾಗಿ ಸಿದ್ಧವಾಗುವ ಪುಟಕ್ಕೆ ಕೆಳಗಿನ ಇಲ್ಲವೇ ನಡುವಿನ ಮಟ್ಟ, ಬದಲಾಗದ ಕಡತಕ್ಕೆ ಒಮ್ಮೆ ಮಾತ್ರ ಮೇಲಿನ ಮಟ್ಟ ಎಂಬುದು ರೂಢಿ. ಜೆಪೆಗ್ ಚಿತ್ರಗಳನ್ನು ಮತ್ತೆ ಕುಗ್ಗಿಸುವುದು ವ್ಯರ್ಥ. ಅವುಗಳಲ್ಲಿ ಸಾಮಾನ್ಯವಾಗಿ ಹಫ್‌ಮನ್ ಸಂಕೇತ ಮೊದಲೇ ಅಡಗಿರುತ್ತದೆ.

1967ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯಕ್ಕೆ ತೆರಳಿದ ಹಫ್‌ಮನ್, ಅಲ್ಲಿ ಗಣಕ ವಿಜ್ಞಾನ ವಿಭಾಗವನ್ನು ಕಟ್ಟಿದರು. ಕಾಗದ ಮಡಿಸುವ ಕಲೆಯ ಗಣಿತವೂ ಅವರನ್ನು ಸೆಳೆದಿತ್ತು. 1999ರ ಅಕ್ಟೋಬರ್ 7ರಂದು, 74ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅಂದು ಕಸದ ಬುಟ್ಟಿ ಸೇರಿದ್ದ ಪ್ರಯತ್ನದ ಫಲ ಇಂದಿಗೂ ಅಂತರಜಾಲದ ಹೊರೆಯನ್ನು ಇಳಿಸುತ್ತಿದೆ.