ವ್ಯಾನ್ ಡರ್ ವಾಲ್ಸ್

ಮಳೆಗಾಲದ ಮುಂಜಾನೆ. ಚಿಕ್ಕಮಗಳೂರು ಜಿಲ್ಲೆಯ ಬಾಳೂರಿನ ಕಾಫಿ ತೋಟಗಳ ಮೇಲೆ ಮಂಜು ಕವಿದಿರುತ್ತದೆ. ಮನೆಯೊಳಗೆ ಗ್ಯಾಸ್ ಒಲೆಯ ಮೇಲೆ ಕಾಫಿಗೆ ನೀರು ಕಾಯುತ್ತಿರುತ್ತದೆ. ಒಲೆಯಲ್ಲಿ ಉರಿಯುವುದು ಅನಿಲ. ಆದರೆ ಸಿಲಿಂಡರನ್ನು ಅಲುಗಿಸಿದರೆ ಒಳಗೆ ದ್ರವ ತುಳುಕುವುದು ತಿಳಿಯುತ್ತದೆ. ಒಂದೇ ಪಾತ್ರೆಯಲ್ಲಿ ಕೆಳಗೆ ದ್ರವ, ಮೇಲೆ ಅದರದೇ ಆವಿ. ಎಷ್ಟು ಉಷ್ಣತೆಯಲ್ಲಿ, ಎಷ್ಟು ಒತ್ತಡದಲ್ಲಿ ಇವೆರಡೂ ಸಮತೋಲದಲ್ಲಿರುತ್ತವೆ? ಇದನ್ನು ಲೆಕ್ಕದಿಂದ ತಿಳಿಯಲು ದಾರಿ ತೆರೆದವರು ಬಡಗಿಯೊಬ್ಬನ ಮಗನಾದ ಯೋಹಾನೆಸ್ ಡಿಡೆರಿಕ್ ವ್ಯಾನ್ ಡರ್ ವಾಲ್ಸ್.

ಅವರು ಹುಟ್ಟಿದ್ದು ೧೮೩೭ರ ನವೆಂಬರ್ ೨೩ರಂದು, ಹಾಲೆಂಡಿನ ಲೈಡನ್ ನಗರದಲ್ಲಿ. ಹತ್ತು ಮಕ್ಕಳಲ್ಲಿ ಅವರೇ ಹಿರಿಯರು. ಉನ್ನತ ಶಿಕ್ಷಣಕ್ಕೆ ಅನುಕೂಲವಿಲ್ಲದೆ, ಎಳೆಯ ವಯಸ್ಸಿನಲ್ಲಿಯೇ ಪ್ರಾಥಮಿಕ ಶಾಲೆಯ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಕಲಿಸುತ್ತಲೇ ಕಲಿಯುವ ಹಂಬಲ ಅವರದು. ಬಿಡುವಿನ ವೇಳೆಯಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತವಿಜ್ಞಾನ, ಖಗೋಳವಿಜ್ಞಾನಗಳ ಪಾಠಗಳನ್ನು ಕೇಳಿದರು. ಆದರೆ ಪದವಿ ಪರೀಕ್ಷೆಗೆ ಕುಳಿತುಕೊಳ್ಳಲು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಜ್ಞಾನ ಕಡ್ಡಾಯವಾಗಿತ್ತು. ಅವರು ಅವುಗಳನ್ನು ಕಲಿತಿರಲಿಲ್ಲ. ವಿದ್ಯೆಯ ಬಾಗಿಲಲ್ಲಿ ನಿಂತರೂ ಒಳಗೆ ಪ್ರವೇಶವಿಲ್ಲ! ಅವರು ಎದೆಗುಂದಲಿಲ್ಲ. ೧೮೬೫ರಲ್ಲಿ ಡೆವೆಂಟರ್ ಊರಿನಲ್ಲಿ, ಮರುವರ್ಷ ಹೇಗ್ ನಗರದಲ್ಲಿ ಪ್ರೌಢಶಾಲಾ ಅಧ್ಯಾಪಕರಾಗಿ ದುಡಿಯುತ್ತ ಅಭ್ಯಾಸವನ್ನು ಮುಂದುವರಿಸಿದರು. ಕೊನೆಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಆ ನಿಯಮ ಸಡಿಲವಾಯಿತು. ೧೮೭೩ರಲ್ಲಿ, ತಮ್ಮ ೩೫ನೆಯ ವಯಸ್ಸಿನಲ್ಲಿ, ಅವರು ಡಾಕ್ಟರೇಟ್ ಪಡೆದರು.

ಅವರ ಮಹಾಪ್ರಬಂಧದ ವಿಷಯ ಅನಿಲ ಮತ್ತು ದ್ರವ ಸ್ಥಿತಿಗಳ ನಿರಂತರತೆ. ಬಾಯ್ಲನ ನಿಯಮವನ್ನು ಆಧರಿಸಿದ ಆದರ್ಶ ಅನಿಲದ ಲೆಕ್ಕದಲ್ಲಿ ಅಣುಗಳಿಗೆ ಗಾತ್ರವೂ ಇಲ್ಲ, ಪರಸ್ಪರ ಆಕರ್ಷಣೆಯೂ ಇಲ್ಲ. ಅಂಥ ಅನಿಲ ಎಂದಿಗೂ ದ್ರವವಾಗಲಾರದು. ವ್ಯಾನ್ ಡರ್ ವಾಲ್ಸರು ಅಣುಗಳ ಗಾತ್ರಕ್ಕೊಂದು, ಆಕರ್ಷಣೆಗೊಂದು ಹೀಗೆ ಎರಡು ತಿದ್ದುಪಡಿಗಳನ್ನು ಸೇರಿಸಿದರು. ಆಗ ಒಂದೇ ಸಮೀಕರಣ ಅನಿಲಕ್ಕೂ ದ್ರವಕ್ಕೂ ಅನ್ವಯಿಸಿತು. ಇಂಗಾಲದ ಡೈಆಕ್ಸೈಡನ್ನು ೩೧ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಎಷ್ಟು ಒತ್ತಿದರೂ ದ್ರವವಾಗಿಸಲಾಗದೆಂದು ಆಂಡ್ರೂಸ್ ೧೮೬೯ರಲ್ಲಿ ಪ್ರಕಟಿಸಿದ್ದರು. ಅದರ ಕಾರಣ ಈಗ ಸ್ಪಷ್ಟವಾಯಿತು. ಮಹಾವಿಜ್ಞಾನಿ ಮ್ಯಾಕ್ಸ್‌ವೆಲ್ಲರೂ ಈ ಪ್ರಬಂಧವನ್ನು ಮೆಚ್ಚಿಕೊಂಡರು.

ಈ ಸಮೀಕರಣ ಮೂರನೆಯ ಘಾತದ್ದು. ದ್ರವ ಮತ್ತು ಆವಿ ಒಟ್ಟಿಗಿರುವಾಗ ಅದು ಗಾತ್ರಕ್ಕೆ ಮೂರು ಉತ್ತರಗಳನ್ನು ಕೊಡುತ್ತದೆ. ಅತಿ ದೊಡ್ಡದು ಆವಿಯದು, ಅತಿ ಚಿಕ್ಕದು ದ್ರವದ್ದು. ನಡುವಿನದು ನೆಲೆನಿಲ್ಲದ ಸ್ಥಿತಿ. ಸಮತೋಲದ ಒತ್ತಡ ಮಾತ್ರ ಒಂದೇ ಹೆಜ್ಜೆಗೆ ದೊರೆಯದು. ಏಲಕ್ಕಿ ತೂಗುವವನು ತೂಕದ ಕಲ್ಲುಗಳನ್ನು ಹಾಕಿ, ತೆಗೆದು, ತಕ್ಕಡಿಯ ಮುಳ್ಳನ್ನು ನೆಟ್ಟಗೆ ನಿಲ್ಲಿಸುವುದಿಲ್ಲವೆ? ಹಾಗೆಯೇ ಒಂದು ಒತ್ತಡವನ್ನು ಮೊದಲು ಊಹಿಸಬೇಕು. ದ್ರವವನ್ನು ಬಿಟ್ಟು ಹೊರಡುವ ಅಣುಗಳ ಒಲವೂ ಆವಿಯಿಂದ ಮರಳುವ ಅಣುಗಳ ಒಲವೂ ಸಮವಾಗಿವೆಯೇ ಎಂದು ನೋಡಬೇಕು. ಸಮವಾಗದಿದ್ದರೆ ಊಹೆಯನ್ನು ತಿದ್ದಿ ಮತ್ತೆ ಲೆಕ್ಕ ಹಾಕಬೇಕು.

೧೮೭೭ರಲ್ಲಿ ಅವರು ಆಮ್‌ಸ್ಟರ್‌ಡಾಮಿನಲ್ಲಿ ಪ್ರಾಧ್ಯಾಪಕರಾದರು. ಬದುಕು ನೆಲೆಗೊಳ್ಳುವ ಹೊತ್ತಿಗೆ ದುಃಖ ಎರಗಿತು. ೧೮೮೧ರಲ್ಲಿ ಪತ್ನಿ ಆನ್ನಾ ಕ್ಷಯರೋಗದಿಂದ, ೩೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಾಲ್ವರು ಮಕ್ಕಳ ತಂದೆಯಾದ ಅವರು ಮರುಮದುವೆಯಾಗಲಿಲ್ಲ. ಬಹುಕಾಲ ಅವರ ಲೇಖನಿ ಮೌನವಾಗಿತ್ತು. ೧೮೯೦ರಲ್ಲಿ ಅದು ಮತ್ತೆ ಚಲಿಸಿ, ಎರಡು ವಸ್ತುಗಳ ಮಿಶ್ರಣಕ್ಕೂ ತಮ್ಮ ಸಿದ್ಧಾಂತವನ್ನು ವಿಸ್ತರಿಸಿತು. ೧೯೦೮ರಲ್ಲಿ ಕಾಮರ್ಲಿಂಗ್ ಓನ್ಸ್ ಹೀಲಿಯಮ್ಮನ್ನು ದ್ರವವಾಗಿಸಿದಾಗ ದಾರಿ ತೋರಿದ್ದು ಅವರ ಸಿದ್ಧಾಂತವೇ. ೧೯೧೦ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದಿತು. ೧೯೨೩ರ ಮಾರ್ಚ್ ೮ರಂದು ಅವರು ನಿಧನರಾದರು.

ಅವರ ಸಮೀಕರಣದ ಉತ್ತರಗಳು ಪೂರ್ಣ ನಿಖರವಾಗಿರಲಿಲ್ಲ. ೧೯೪೯ರಲ್ಲಿ ರೆಡ್ಲಿಕ್ ಮತ್ತು ಕ್ವಾಂಗ್, ೧೯೭೨ರಲ್ಲಿ ಸೋವೆ, ೧೯೭೬ರಲ್ಲಿ ಪೆಂಗ್ ಮತ್ತು ರಾಬಿನ್‌ಸನ್ ಅದನ್ನು ತಿದ್ದಿ ಬೆಳೆಸಿದರು. ಊಹಿಸಿ ತಿದ್ದುವ ದೀರ್ಘ ಲೆಕ್ಕವನ್ನು ಇಂದು ಗಣಕಯಂತ್ರಗಳು ಕ್ಷಣದಲ್ಲಿ ಮುಗಿಸುತ್ತವೆ. ಕಚ್ಚಾ ತೈಲವನ್ನು ಬೇರ್ಪಡಿಸುವ ಬಟ್ಟಿಗೋಪುರಗಳ ವಿನ್ಯಾಸಕ್ಕೆ ಇಂಥ ಲೆಕ್ಕಗಳೇ ಆಧಾರ. ಆ ತೈಲದಿಂದ ದೊರೆಯುವ ಅನಿಲವೂ ದ್ರವರೂಪದಲ್ಲಿ ಸಿಲಿಂಡರಿಗೆ ತುಂಬಿ ಮಲೆನಾಡಿನ ಮನೆಗಳನ್ನು ತಲುಪುತ್ತದೆ. ಮುಚ್ಚಿದ ಬಾಗಿಲ ಮುಂದೆಯೂ ಅಭ್ಯಾಸವನ್ನು ಬಿಡದ ಶಾಲಾ ಉಪಾಧ್ಯಾಯರೊಬ್ಬರ ಚಿಂತನೆ ಹೀಗೆ ಬಾಳೂರಿನ ಒಲೆಯವರೆಗೂ ಬಂದು ನಿಂತಿದೆ.