ಸ್ವಂತ ಊರಿಗೇ ಬಾರದ ಆಲ್ಬಂ

ಕಳೆದ ತಿಂಗಳು ಇಂಟರ್ನ್‌ಶಿಪ್‌ಗೆ ಆಯ್ಕೆಯಾದವರ ಪಟ್ಟಿ ಬಂತು. ಮೇಲಿನಿಂದ ಕೆಳಗೆ ಮೂರು ಸಲ ಓದಿದರೂ ನನ್ನ ಹೆಸರು ಸಿಗಲಿಲ್ಲ. ಆ ರಾತ್ರಿ ಹಾಸ್ಟೆಲ್‌ ರೂಮಿನಲ್ಲಿ ಇಯರ್‌ಫೋನ್‌ ಹಾಕಿಕೊಂಡು ‘ಕ್ವಾಯಟ್ ರಯಟ್ 2’ ಆಲ್ಬಂ ಕೇಳಿದೆ. ಅದರಲ್ಲಿ ಗಿಟಾರ್‌ ನುಡಿಸಿದ ರ‍್ಯಾಂಡಿ ರೋಡ್ಸ್‌ಗೆ ಆಗ ಹೆಚ್ಚುಕಡಿಮೆ ನನ್ನದೇ ವಯಸ್ಸು.

ರ‍್ಯಾಂಡಿ ಹುಟ್ಟಿದ್ದು 1956ರ ಡಿಸೆಂಬರ್‌ 6ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವನು. ಆತ ಇನ್ನೂ ಮಗುವಾಗಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. ತಾಯಿ ಡೆಲೋರಿಸ್‌, ನಾರ್ತ್‌ ಹಾಲಿವುಡ್‌ನಲ್ಲಿ ‘ಮ್ಯುಸೋನಿಯಾ’ ಎಂಬ ಸಂಗೀತ ಶಾಲೆ ನಡೆಸಿ ಮಕ್ಕಳನ್ನು ಸಾಕಿದರು. ರ‍್ಯಾಂಡಿ ಗಿಟಾರ್‌ ಹಿಡಿದದ್ದು ಅಲ್ಲೇ. ಮುಂದೆ ಅದೇ ಶಾಲೆಯಲ್ಲಿ ಮೇಷ್ಟ್ರೂ ಆದ.

ಶಾಲೆಯ ಗೆಳೆಯ ಕೆಲ್ಲಿ ಗಾರ್ನಿಗೆ ಬೇಸ್‌ ಗಿಟಾರ್‌ ಹೇಳಿಕೊಟ್ಟವನೂ ರ‍್ಯಾಂಡಿಯೇ. ಇಬ್ಬರೂ ಸೇರಿ ಕಟ್ಟಿದ ತಂಡಕ್ಕೆ ಗಾಯಕನಾಗಿ ಕೆವಿನ್‌ ಡುಬ್ರೋ ಬಂದ. ಮಿನುಗುವ ಬಟ್ಟೆ, ಉದ್ದ ಕೂದಲು, ಜೊತೆಗೆ ಕಿವಿಗಡಚಿಕ್ಕುವ ಗಿಟಾರ್‌. ಮುಂದೆ ಗ್ಲ್ಯಾಮ್‌ ಮೆಟಲ್‌ ಎಂದು ಹೆಸರಾದ ಸಂಗೀತವನ್ನು ಅವರು ಲಾಸ್‌ ಏಂಜಲಿಸ್‌ನ ಕ್ಲಬ್‌ಗಳಲ್ಲಿ ನುಡಿಸುತ್ತಿದ್ದರು. ಕ್ಲಬ್‌ಗಳಲ್ಲಿ ಜನ ಸೇರುತ್ತಿದ್ದರೂ ಅಮೆರಿಕದ ರೆಕಾರ್ಡ್‌ ಕಂಪನಿಗಳು ಬಾಗಿಲು ತೆರೆಯಲಿಲ್ಲ. ಮೊದಲ ಆಲ್ಬಂ ಜಪಾನಿನಲ್ಲಿ ಮಾತ್ರ ಬಿಡುಗಡೆಯಾಯಿತು. 1978ರಲ್ಲಿ ಬಂದ ಎರಡನೆಯದರ ಹಣೆಬರಹವೂ ಅಷ್ಟೇ. ತಮ್ಮ ಊರಿನ ಅಂಗಡಿಯಲ್ಲಿ ತಮ್ಮದೇ ಹಾಡು ಸಿಗದ ಸ್ಥಿತಿ!

ಹಾಗೆಂದು ರ‍್ಯಾಂಡಿ ಗಿಟಾರನ್ನು ಮೂಲೆಗಿಡಲಿಲ್ಲ. ಪಾಠ ಹೇಳುವುದನ್ನು ಮುಂದುವರಿಸಿದ, ರಾತ್ರಿ ಕ್ಲಬ್‌ಗಳಲ್ಲಿ ನುಡಿಸಿದ. 1979ರಲ್ಲಿ ಬ್ಲ್ಯಾಕ್‌ ಸಬ್ಬತ್‌ ತಂಡದಿಂದ ಹೊರಬಿದ್ದಿದ್ದ ಆಜಿ ಆಸ್ಬರ್ನ್‌ ಹೊಸ ಗಿಟಾರ್‌ ವಾದಕನನ್ನು ಹುಡುಕುತ್ತಿದ್ದ. ಆಡಿಷನ್‌ಗೆ ಹೋದ ರ‍್ಯಾಂಡಿ, ಶ್ರುತಿ ಮಾಡಿಕೊಂಡು ಬೆರಳು ಆಡಿಸುವಷ್ಟರಲ್ಲೇ ಆಯ್ಕೆಯಾದ ಎಂಬ ಕತೆ ಇಂದಿಗೂ ಪ್ರಸಿದ್ಧ. 1980ರ ‘ಬ್ಲಿಝರ್ಡ್‌ ಆಫ್‌ ಆಝ್‌’, 1981ರ ‘ಡೈರಿ ಆಫ್‌ ಎ ಮ್ಯಾಡ್‌ಮ್ಯಾನ್‌’ ಆಲ್ಬಂಗಳು ಆತನನ್ನು ಜಗತ್ತಿಗೆ ಪರಿಚಯಿಸಿದವು. ಮೊದಲನೆಯದರಲ್ಲಿ ‘ಡೀ’ ಎಂಬ ಪುಟ್ಟ ರಚನೆ ಇದೆ. ಒಂದು ನಿಮಿಷವೂ ಇಲ್ಲದ ಅದು ತಾಯಿಗಾಗಿ ಮಾಡಿದ್ದು.

ನನಗೆ ಹೆಚ್ಚು ಇಷ್ಟವಾದದ್ದು ಮುಂದಿನ ಸಂಗತಿ. ಸಾವಿರಾರು ಜನರೆದುರು ನುಡಿಸುವಷ್ಟು ಹೆಸರು ಬಂದ ಮೇಲೂ ರ‍್ಯಾಂಡಿ ಪ್ರವಾಸ ಹೋದ ಊರುಗಳಲ್ಲಿ ಕ್ಲಾಸಿಕಲ್‌ ಗಿಟಾರ್‌ ಶಿಕ್ಷಕರನ್ನು ಹುಡುಕಿ ಪಾಠ ಹೇಳಿಸಿಕೊಳ್ಳುತ್ತಿದ್ದ. ಅದರಲ್ಲೇ ಪದವಿ ಪಡೆಯುವ ಆಸೆಯೂ ಇತ್ತು.

ಅದು ಕೈಗೂಡಲಿಲ್ಲ. 1982ರ ಮಾರ್ಚ್‌ 19ರಂದು ಫ್ಲಾರಿಡಾದ ಲೀಸ್‌ಬರ್ಗ್‌ನಲ್ಲಿ, ತಂಡದ ಬಸ್‌ ಚಾಲಕನೇ ಹಾರಿಸಿದ ಸಣ್ಣ ವಿಮಾನದಲ್ಲಿ ಆತನೂ ಇದ್ದ. ನಿಂತಿದ್ದ ಬಸ್ಸಿನ ಮೇಲೆ ತೀರಾ ಕೆಳಗೆ ಹಾರಿಸುವ ಹುಡುಗಾಟದಲ್ಲಿ ರೆಕ್ಕೆ ಬಸ್ಸಿಗೆ ತಗುಲಿತು. ವಿಮಾನದಲ್ಲಿದ್ದ ಮೂವರೂ ಸತ್ತರು. ರ‍್ಯಾಂಡಿಗೆ ಆಗ ಬರೀ 25 ವರ್ಷ.

ಮರುವರ್ಷ, 1983ರಲ್ಲಿ, ಮತ್ತೆ ಕಟ್ಟಿದ ಕ್ವಾಯಟ್ ರಯಟ್‌ ತಂಡದ ‘ಮೆಟಲ್‌ ಹೆಲ್ತ್‌’ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್‌ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದನ್ನು ನೋಡಲು ಆತ ಇರಲಿಲ್ಲ. 2021ರಲ್ಲಿ ರಾಕ್‌ ಆ್ಯಂಡ್‌ ರೋಲ್‌ ಹಾಲ್‌ ಆಫ್‌ ಫೇಮ್‌ ಗೌರವ ಸಂದಾಗ ಮಗನ ಬಗ್ಗೆ ಹೆಮ್ಮೆಪಡಲು ತಾಯಿಯೂ ಇರಲಿಲ್ಲ.

ಕಷ್ಟಪಟ್ಟರೆ ಫಲ ಖಂಡಿತ ಎಂದು ಹೇಳಲು ಈ ಬದುಕು ಬಿಡುವುದಿಲ್ಲ. ಆದರೆ ಯಾರೂ ಕೊಳ್ಳಲಾಗದ ಆ ಆಲ್ಬಂನಲ್ಲೂ ರ‍್ಯಾಂಡಿ ಒಂದು ಸ್ವರವನ್ನೂ ಕಾಟಾಚಾರಕ್ಕೆ ನುಡಿಸಿದಂತೆ ನನಗೆ ಕೇಳಿಸಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಅರ್ಧಕ್ಕೆ ಬಿಟ್ಟಿದ್ದ ಪ್ರಾಜೆಕ್ಟ್‌ ಫೈಲನ್ನು ಮರುದಿನ ಬೆಳಿಗ್ಗೆ ಮತ್ತೆ ತೆರೆದೆ.